ಗಾಜಿನ ಮೇಲಿನ ಕೆಂಪು ಹೆಬ್ಬೆಟ್ಟು

ಮೊನ್ನೆ ಹಳೆಯ ಡಬ್ಬಿ ತೆರೆದು, ಎತ್ತಿಟ್ಟಿದ್ದ ಗಾಜಿನ ಚಿಪ್ ತೆಗೆದೆ. ಉಗುರಿನಷ್ಟಗಲ. ಮೇಲೆ ಮಸುಕಾದ ಕೆಂಪು ಹೆಬ್ಬೆಟ್ಟಿನ ಗುರುತು. ರಾಣೆಬೆನ್ನೂರಿನ ಬೀಜದ ಕಂಪನಿಯ ಲ್ಯಾಬಿನಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಸಾಹೇಬರದು.

ಆ ಚಿಪ್ಪಿನೊಳಗೆ ಕೂದಲಿಗಿಂತ ಸಣ್ಣ ಕಾಲುವೆ. ಎಲೆಯ ರಸ ಒಂದು ಹನಿ ಬಿಟ್ಟರೆ, ಅದರಲ್ಲಿ ರೋಗದ ಪ್ರೋಟೀನ್ ಇದ್ದಲ್ಲಿ ಕಾಲುವೆಯಲ್ಲಿ ಅಂಟಿಸಿಟ್ಟ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಬಿಗಿಯಾದಷ್ಟೂ ಗಾಜಿನ ಮೂಲಕ ಹಾಯುವ ಬೆಳಕು ಕಡಿಮೆ; ಬೆಳಕು ಕಡಿಮೆಯಾದರೆ ಮಷಿನ್ ರೋಗ ಇದೆ ಎನ್ನುತ್ತದೆ. ಇಷ್ಟೇ. ಶಾಲೆಯ ಮಕ್ಕಳಿಗೂ ತಿಳಿಯುವ ಮಾತು, ನಮ್ಮ ಸಾಹೇಬರಿಗೆ ಮಾತ್ರ ತಿಳಿಯಲಿಲ್ಲ.

ಮಹಾಶಯರು ದಿನಾ ಬೆಳಿಗ್ಗೆ ಬ್ಯಾಡಗಿಯಲ್ಲಿದ್ದ ತಮ್ಮ ಅಣ್ಣನ ಅಂಗಡಿಗೆ ಹೋಗಿ ಮೆಣಸಿನಕಾಯಿ ಹಿಚುಕಿ ಬಣ್ಣ ನೋಡಿ, ಅದೇ ಕೈಯಲ್ಲಿ ಬಂದು ಚಿಪ್ ಎತ್ತಿ ಹಿಡಿಯುತ್ತಿದ್ದರು. ಕೈ ತೊಳೀರಿ ಎಂದರೆ ನಗು.

"ಏ ತಂಗಿ, ಹುಟ್ಟಿದಾಗಿಂದ ಬ್ಯಾಡಗಿ ಮೆಣಸಿನಕಾಯಿ ಹಿಡದ ಕೈ ಇದು. ಈ ಗಾಜಿನ ಚೂರು ನನಗೇನ ಕಲಸ್ತೈತಿ?"

ಒಂದು ದಿನ ಕುಪ್ಪೇಲೂರಿನಲ್ಲಿ ಸಸಿ ಬೆಳೆಸಿ ಮಾರುವ ಅಕ್ಕ ಒಬ್ಬಳು ಪರೀಕ್ಷೆಗೆ ಎಲೆ ತಂದಳು. ನಮ್ಮ ರಿಪೋರ್ಟ್ ಇಲ್ಲದೆ ಅವಳ ಮೆಣಸಿನ ಸಸಿಗಳನ್ನು ಯಾರೂ ಒಯ್ಯುತ್ತಿರಲಿಲ್ಲ. ಸಾಹೇಬರು ಚಿಪ್ ಹಿಡಿದು ನೋಡಿ, ಮಷಿನ್ನಿಗಿಟ್ಟರು. ರೋಗ ಐತಿ ಎಂದಿತು.

"ಎಲಿ ಒಂದೂ ಮುದುಡಿಲ್ರಿ ಸಾಹೇಬ್ರ. ಖರೇನ ರೋಗ ಐತೇನ್ರಿ?"

"ಮಷಿನ್ ಸುಳ್ಳು ಹೇಳ್ತೈತೇನು? ಇವತ್ತ ಎಲ್ಲಾ ಕಿತ್ತು ಸುಟ್ಟಬಿಡು." ಗಾಜಿನ ಚೂರಿಗೆ ಅಷ್ಟರಲ್ಲಿ ಅಂಥ ಮರ್ಯಾದೆ!

ಅವಳು ಹೋದ ಮೇಲೆ ಚಿಪ್ ನೋಡಿದೆ. ಬೆಳಕು ಹಾಯುವ ಜಾಗದಲ್ಲೇ ಕೆಂಪು ಹೆಬ್ಬೆಟ್ಟು. ಕೈ ತೊಳೆದು, ಉಳಿದ ಎಲೆಯ ರಸವನ್ನು ಹೊಸ ಚಿಪ್ಪಿಗೆ ಬಿಟ್ಟೆ. ರೋಗವೇ ಇರಲಿಲ್ಲ.

"ಫೋನ್ ಮಾಡ್ರಿ ಸಾಹೇಬ್ರ, ಆಕಿ ಇನ್ನೂ ಬಸ್ಸಿನ್ಯಾಗ ಇರ್ತಾಳ," ಎಂದೆ.

"ಸಹಿ ಆಗೇತಿ. ಈಗ ತಪ್ಪಾತಂದ್ರ ನನ್ನ ಮಾರಿ ಎಲ್ಲಿಡ್ಲಿ? ನೀ ಸುಮ್ಕಿರು."

ಥೂ! ಆ ಮುಖ ಉಳಿಸಲು ಸಾವಿರಾರು ಹಸಿರು ಸಸಿಗಳು ಸಂಜೆಯೊಳಗೆ ಬೂದಿಯಾದವು. ಅಕ್ಕ ಮತ್ತೆ ಸಸಿ ಬೆಳೆಸಲಿಲ್ಲ. ಎಲ್ಲಿ ಹೋದಳೋ...

ಸಾಹೇಬರು ಹೋದ ತಿಂಗಳು ತೀರಿಕೊಂಡರು. ಅವರ ಕೈಗುಣ ದೊಡ್ಡದು ಎಂದು ಊರೆಲ್ಲ ಹೊಗಳಿತು. ನನಗೆ ಕಣ್ಣೀರು ಬರಲಿಲ್ಲ. ಎಂದಾದರೂ ಎದುರು ನಿಂತು ಕೇಳುತ್ತೇನೆ ಎಂದೇ ಇಷ್ಟು ವರ್ಷ ಈ ಚಿಪ್ ಇಟ್ಟುಕೊಂಡಿದ್ದೆ. ಇನ್ನು ಕೇಳಲು ಅವರಿಲ್ಲ.

ಡಬ್ಬಿ ಮುಚ್ಚಿದೆ. ಅವತ್ತು ಅಕ್ಕನ ನಂಬರು ನನ್ನ ಫೋನಿನಲ್ಲೂ ಇತ್ತು.