ಹೋಗ್ತೇನಿ ಅಂದ ದಿನ

ನಮ್ಮ ಕಡೆ ಯಾರ ಮನಿಯಿಂದ ಎದ್ದರೂ ‘ಹೋಗ್ತೇನಿ’ ಅನ್ನೂದಿಲ್ಲ. ‘ಬರ್ತೇನಿ’ ಅಂತೀವಿ. ಹೋಗ್ತೇನಿ ಅಂದ್ರ ಮತ್ತ ಬರದಂಗ ಹೋದಂಗ. ಬ್ಯಾಸರ ಬಂದ ಮನಿಯಾಗೂ ಬರ್ತೇನಿ ಅಂದೇ ಚಪ್ಪಲಿ ಮೆಟ್ಟತೀವಿ. ನಾ ದಿನಾ ಸಂಜಿಮುಂದ ಪಾನ್ ಅಂಗಡಿ ಹಿಂದ ನಿಂತು ಕದ್ದು ಮಾರೂ ಸಾರಾಯಿ ಪಾಕೀಟ ಹರದು ಕುಡದು, ಮಾರೂ ಹೆಣಮಗಳಿಗೆ “ಬರ್ತೇನಿ ತಂಗಿ” ಅಂದು ಮನಿ ಹಾದಿ ಹಿಡೀತಿದ್ದೆ. ಮರುದಿನ ಹೋಗ್ತಿದ್ದೆ. ಮಾತಿಗೆ ತಪ್ಪಾಕಿ ಅಲ್ಲ ನಾ.

ಯಾಕ ಕುಡೀತಿದ್ದಿ ಅಂತ ಕೇಳಬ್ಯಾಡ್ರಿ. ಗಂಡ ಸತ್ತ ದುಃಖಕ್ಕ ಅಂತ ಮಂದಿ ಹೇಳತಾರ. ಸುಳ್ಳು. ರುಚಿ ಹತ್ತಿತ್ತು, ಕುಡೀತಿದ್ದೆ.

ನಮ್ಮೂರು ಮೋರಟಗಿ ಸುತ್ತಮುತ್ತ ಮದುವಿ, ಕುಬಸ ಏನಿದ್ರೂ ರೊಟ್ಟಿ ಬಡಿಯಾಕ ನನ್ನ ಕರೀತಿದ್ರು. ಅಕ್ಷರ ನಾ ಕೂಡಿಸಿ ಕೂಡಿಸಿ ಬರಿಯಾಕಿ, ಆದ್ರ ನನ್ನ ರೊಟ್ಟಿ ಕಾಗದದಂಗ ತೆಳ್ಳಗ. ಬರಬರ್ತ ಕೈ ನಡುಗಾಕ ಹತ್ತಿತು. ಹಂಚಿಗೆ ಹಾಕೂ ಮೊದಲ ರೊಟ್ಟಿ ಹರೀತಿತ್ತು. ಒಂದ ಮದುವ್ಯಾಗ ಸಂಗಾಟ ಬಂದಿದ್ದ ನನ್ನ ಸೊಸಿ ಎಲ್ಲಾರ ಎದುರಿಗೆ ಹಿಟ್ಟಿನ ಪರಾತ ನನ್ನ ಮುಂದಿಂದ ಎಳಕೊಂಡಳು.

“ಅತ್ತಿ, ನೀವು ಬದನಿಕಾಯಿ ಹೆಚ್ಚರಿ. ಅದೂ ಬ್ಯಾಡ, ಬೆರಳ ಕೊಯ್ಕೋತೀರಿ. ಸುಮ್ಮ ಕುಂಡ್ರಿ.”

ಕುಂತೆ. ಅವತ್ತ ತಿಳೀತು, ಆ ಪರಾತ ಹೋದ್ರ ನನಗ ಇನ್ನೇನೂ ಉಳಿಯೂದಿಲ್ಲ ಅಂತ.

ಸಿಂದಗಿ ದವಾಖಾನಿಗೆ ಹೋಗಿ ಕೈಗೆ ಟಾನಿಕ್ ಕೇಳಿದೆ. ನರ್ಸಬಾಯಿಗೆ ನನ್ನ ಬಾಯಿವಾಸನಿ ಬಡೀತು. “ಆಯಿ, ಟಾನಿಕ್ಕಿಂದ ಇದು ಆಗೂದಲ್ಲ. ಡಾಕ್ಟರ ಗುಳಿಗಿ ಕೊಡತಾರ. ಮತ್ತ ಐತವಾರ ಸಾಲಿ ಖೋಲ್ಯಾಗ ಕುಡಿಯೂದ ಬಿಟ್ಟವರ ಸಂಘ ಕೂಡತೈತಿ, ಅಲ್ಲಿಗೆ ಹೋಗು” ಅಂದಳು. ಸಂಘ ಅಂದ್ರ ನನಗ ಗೊತ್ತಿದ್ದದ್ದು ಹೆಣಮಕ್ಕಳ ಸಾಲದ ಸಂಘ ಒಂದ. ಪಾಸಬುಕ್, ಆಧಾರ ಕಾರ್ಡ, ಫೋಟೋ ಚೀಲದಾಗ ಹಾಕ್ಕೊಂಡು ಹೋದೆ.

ಖೋಲ್ಯಾಗ ಬರೇ ಗಂಡಸರು. ಬಾಗಿಲದಾಗ ಇದ್ದವ ಅಡ್ಡ ಬಂದ. “ಯವ್ವಾ, ಮನ್ಯಾಗ ಯಾರ ಕುಡೀತಾರ? ಮನಿಮಂದಿ ಸಭಾ ಬ್ಯಾರೆ ದಿನ ಐತಿ.”

“ನಾನ ಕುಡೀತೇನಿ.”

“ಮಗಾ ಅಲ್ಲೇನ?”

“ಮಗಾ ಚಾ ಕುಡೀತಾನ. ಸಾರಾಯಿ ನಂದು. ಸರಿ ಅತ್ತಾಗ.”

ಒಬ್ಬ ಹರೇದವ ನಕ್ಕೋತ “ಆಯಿ, ಯಾವ ಬ್ರ್ಯಾಂಡ?” ಅಂದ.

“ನೀ ಚಡ್ಡಿಗೆ ಲಾಡಿ ಕಟ್ಟಾಕ ಕಲಿಯೂ ಮುಂಚಿಂದು.”

ಇಂಡಿಯಿಂದ ಬಂದಿದ್ದ ಲಿಂಬಿಕಾಯಿ ವ್ಯಾಪಾರದ ಸಾಬರೊಬ್ಬರು ಬಾಕಿನ ಮ್ಯಾಲ ಸರದು ಜಾಗಾ ಮಾಡಿದ್ರು. ಬಿಳಿಗಡ್ಡ, ಎಲ್ಲಾರೂ ಚಾಚಾ ಅಂತಿದ್ರು. ಸಣ್ಣ ಮಕ್ಕಳ ಬಾಕು, ಮೊಣಕಾಲು ಗದ್ದಕ್ಕ ಬರ್ತಿದ್ದವು. ನಾ ಪಾಸಬುಕ್ ತಗದು ಕೊಟ್ಟೆ. ಅವರು ತಿರುಗಿಸಿ ನೋಡಿ ವಾಪಸ್ ಕೊಟ್ರು. “ಇಲ್ಲಿ ಏನೂ ಬರಕೊಳ್ಳೂದಿಲ್ಲ ತಂಗೆವ್ವಾ. ಕುಂತು ಕೇಳು. ಮನಸಾದ್ರ ಹೇಳು.”

ಒಬ್ಬೊಬ್ಬರ ಎದ್ದು ತಮ್ಮ ತಮ್ಮ ಕಥಿ ಹೇಳಿದ್ರು. ಒಬ್ಬ ಬಾಟ್ಲಿ ಜ್ವಾಳದ ಚೀಲದಾಗ ಮುಚ್ಚಿಡ್ತಿದ್ನಂತ. ನನ್ನ ಮನಿಗೆ ಬಂದು ನೋಡ್ಯಾನೇನ ಅನಿಸ್ತು. ಆದ್ರೂ ಈ ಗಂಡಸರ ನಡುವ ಮತ್ತ ಬರೂದ್ಯಾಕ ಅಂತ, ಏಳೂ ಮುಂದ ಬೇಕಂತನ “ಹೋಗ್ತೇನಿ” ಅಂದೆ.

ಚಾಚಾ ಚಪ್ಪಲಿ ಮೆಟ್ಟಾಕತ್ತಿದ್ದವರು ನಿಂತ್ರು. “ಮಾತ ಚೊಲೋ ಐತಿ, ಜಾಗಾ ತಪ್ಪೈತಿ. ದಿನಾ ಸಂಜಿಕ ಎಲ್ಲಿ ಕುಡದು ಬರ್ತೇನಿ ಅಂತಿಯಲ್ಲ, ಅಲ್ಲಿ ಹೇಳ ಇದನ್ನ.”

ಬಸ್ಸಿನಾಗ ಸಿಟ್ಟೀಲೆ ಕುಂತು ಬಂದೆ. ಸಂಜಿಕ ಕುಡದೆ, ಬರ್ತೇನಿ ಅಂದೆ. ಆ ಮಾತು ಅನ್ನದಾಗಿನ ಹರಳಿನಂಗ ಹಲ್ಲಿಗೆ ಸಿಕ್ಕಿತು. ಮುಂದಿನ ಐತವಾರ ಮತ್ತ ಸಿಂದಗಿಗೆ ಹೋದೆ. ಹಿಂಗ ಎಷ್ಟೋ ವಾರ ಅಲ್ಲೂ ಬರ್ತೇನಿ, ಇಲ್ಲೂ ಬರ್ತೇನಿ. ಕಡೀಕ ಒಂದ ಸಂಜಿ ಅಂಗಡಿಯಾಕಿ ಪಾಕೀಟ ಚಾಚಿದಾಗ ನಾ ಕೈ ಒಡ್ಡಲಿಲ್ಲ.

“ಹೋಗ್ತೇನಿ ತಂಗಿ.”

“ಅಯ್ಯ, ಹಂಗ್ಯಾಕ ಅಂತಿ ಆಯಿ? ಸಾಯಾಕ ಹೊಂಟಿಯೇನ?”

“ಸಾಯೂದ ಬ್ಯಾಡಂತ ಹೊಂಟೇನಿ.”

ಮೈ ನಡುಗಿತು, ಬೆವರು ಕಿತ್ತಿತು. ಡಾಕ್ಟರ ಗುಳಿಗಿ ನುಂಗಿದೆ. ಸೊಸಿ ಮಗ್ಗಲದಾಗ ಕುಂತಿದ್ದಳು. ಗುಳಿಗಿಗಿಂತ ಸಂಜಿ ಕಳಿಯೂದ ಕಠಿಣ. ಪುಣ್ಯೇಕ ಹೆಣಮಕ್ಕಳಿಗೆ ಬಸ್ ಫುಕಟ್ ಆಗಿತ್ತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಸಭಾ ಇದ್ರ ಅಲ್ಲಿಗೆ ನಡದೆ. ಕಂಡಕ್ಟರ ಒಂದಿನ ಕೇಳೇಬಿಟ್ಟ, “ಆಯಿ, ಇಷ್ಟ ಊರಾಗ ನಿಮ್ಮ ಬೀಗರ ಅದಾರೇನ?”

“ಅದಾರ. ಎಲ್ಲಾರೂ ಕುಡುಕರು.”

ಬಾಗೇವಾಡ್ಯಾಗ ಒಮ್ಮಿ ಹೆಣಮಗಳೊಬ್ಬಾಕಿ ಸೆರಗಿನಿಂದ ಮಾರಿ ಮುಚಗೊಂಡು ಬಾಗಿಲಿಗೆ ಬಂದು ನಿಂತಳು. ಅಲ್ಲಿದ್ದವ “ಮನ್ಯಾಗ ಯಾರ...” ಅಂತ ಸುರು ಮಾಡಿದ. ನಾ ಬಾಕಿನ ಮ್ಯಾಲ ಸರದೆ. “ಬಾ, ಇಲ್ಲಿ ಕುಂಡ್ರ” ಅಂದೆ. ಬಂದು ಕುಂತಳು. ಮಾರಿ ಮುಚಗೊಂಡ ಕುಂತಳು, ಆದ್ರ ಕುಂತಳು.

ಈ ವರ್ಷ ನಾಕೂ ಊರಿನ ಸಂಘದವರು ಸಿಂದಗ್ಯಾಗ ಕೂಡಿದ್ರು. ರೊಟ್ಟಿ ನನ್ನ ಕೆಲಸ ಅಂತ ಹಟ ಹಿಡದೆ. ಸುಡಾಕ ಸೊಸಿ ಬಂದಳು, ಮಾರಿಮ್ಯಾಲ ನಂಬಿಕಿ ಇರಲಿಲ್ಲ. ಪರಾತ ಮುಂದ ಎಳಕೊಂಡು ಬಡದೆ. ಕೈ ತನ್ನ ಕೆಲಸ ಮರತಿರಲಿಲ್ಲ. ಅಂಚು ಒಡೀಲಿಲ್ಲ. ತುಸು ಹೊತ್ತಿಗೆ ಬಡದ ರೊಟ್ಟಿ ತೊಯಿಸಿದ ಅರಿವಿ ಮ್ಯಾಲ ಪಾಳಿ ಹಚ್ಚಿದ್ದವು.

“ಅತ್ತಿ, ಸಾವಕಾಶ ಬಡೀರಿ. ಹಂಚ ಒಂದ ಐತಿ.”

“ಇನ್ನೊಂದ ಹಂಚ ಇಡು.”

ಚಾಚಾ ಒಂದ ರೊಟ್ಟಿ ಬೆಳಕಿಗೆ ಹಿಡದು ನೋಡಿದ್ರು. “ಇಂಥಾ ಕೈ ಇಟಗೊಂಡು ನಮಗ ಹೋಗ್ತೇನಿ ಅಂದಿದ್ದಳು ಈಕಿ” ಅಂದ್ರು. ಬ್ರ್ಯಾಂಡ ಕೇಳಿದ್ದ ಹರೇದವ ಮತ್ತ ಮತ್ತ ತಾಟ ಒಡ್ಡಿದ.

ಮರುವಾರ ಮದುವಿ ಮನಿಯವರು ರೊಟ್ಟಿ ಹೇಳಾಕ ಬಂದು, ಕಟ್ಟಿಮ್ಯಾಲ ಕುಂತಿದ್ದ ನನ್ನ ದಾಟಿ ಸೊಸಿನ್ನ ಕೂಗಿದ್ರು. ಆಕಿ ಒಳಗಿಂದ ಹೊರಗೂ ಬರಲಿಲ್ಲ.

“ಅತ್ತಿನ್ನ ಕೇಳ್ರಿ,” ಅಂದಳು. “ಪರಾತ ಅವರದು.”