ಅಪ್ಪನ ಕಿವಿಗೆ ಹತ್ತಿರದ ಸ್ಪೀಕರು

ಎಂಬತ್ತರ ದಶಕದ ನಡುವೆ ಅವ್ವನ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ವಾರಕ್ಕೊಮ್ಮೆ ದೇವದುರ್ಗದಿಂದ ರಾಯಚೂರಿನ ಆಸ್ಪತ್ರೆಗೆ ಒಯ್ದು, ಸೂಜಿ ಚುಚ್ಚಿ ತೆಗೆಸಬೇಕಿತ್ತು. ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೀರು ತೆಗೆದ ಮೇಲೆ ನಾಲ್ಕು ದಿನ ಉಸಿರಾಟ ಸಲೀಸು, ಅಷ್ಟೇ. ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನ ಹತ್ತಿರ ಒಂದು ಹಳೆಯ ಸಣ್ಣ ಕಾರಿತ್ತು. ಅದನ್ನು ಅವನೇ ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂಡುತ್ತಿದ್ದೆ. ನನಗಿನ್ನೂ ಮದುವೆಯಾಗಿರಲಿಲ್ಲ, ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ.

ಆ ರಸ್ತೆಯಲ್ಲಿ ಗುಂಡಿಗಳ ನಡುವೆ ಅಲ್ಲಲ್ಲಿ ಡಾಂಬರು ಕಾಣುತ್ತಿತ್ತು. ಚಕ್ರ ಇಳಿದಾಗ ಅವ್ವ ನರಳಿದರೆ ಸಾಕು, ಅಪ್ಪ ಗಾಡಿ ನಿಲ್ಲಿಸುತ್ತಿದ್ದ. ಇಳಿದು ನೀರು ಕುಡಿಸಿ, ಬೆವರು ಒರೆಸಿ, ಕೊನೆಗೆ ಜಾಲಿ ಗಿಡದ ಕಡೆ ಮುಖ ಮಾಡಿ ತಾನೇ ಅಳುತ್ತಿದ್ದ. ಒಮ್ಮೆ ಹೀಗೆ ನಿಂತು ನಿಂತು ಹೋಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಬಿಗಿದ ಹೊಟ್ಟೆಯಲ್ಲೇ ಅವ್ವನನ್ನು ವಾಪಸು ತಂದೆವು. ಮರುದಿನದವರೆಗೆ ಅವಳು ಪಟ್ಟ ಕಷ್ಟ ಹಗೆಯವರಿಗೂ ಬೇಡ. ಅಂದಿನಿಂದ ಅವ್ವ ಗಾಡಿಯಲ್ಲಿ ಸೆರಗು ಕಚ್ಚಿಕೊಂಡು ಮಲಗತೊಡಗಿದಳು.

ಒಂದು ದಿನ, "ಗಾಡಿಗೆ ಟೇಪ್ ಹಾಕಸ್ರಿ, ಹಾಡು ಕೇಳ್ಬೇಕನಸ್ತದ" ಎಂದಳು. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಅಜ್ಜಿಯಂತೂ ಪಡಸಾಲೆಯಿಂದಲೇ, "ಹಾಸಿಗಿ ಹಿಡದಾಕಿಗೆ ಈಗ ಶೋಕಿ ಬಂತು ನೋಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ನನಗೆ ಮೈ ಉರಿಯಿತು. ಬಾಯಿ ತೆಗೆಯುವಷ್ಟರಲ್ಲಿ ಅವ್ವ ನನ್ನ ಕೈ ಅದುಮಿದಳು.

ಆಮೇಲೆ ನನಗೊಬ್ಬಳಿಗೇ ಹೇಳಿದಳು: "ಬ್ಯಾನಿ ಆದಾಗ ಬಾಯಿ ಬಿಟ್ಟು ಒದರಿದ್ರ ನನಗ ಒಂದೀಟು ಹಗುರ ಆಗ್ತದ ಯವ್ವಾ. ಆದ್ರ ನಿಮ್ಮಪ್ಪಗ ಕೇಳ್ಬಾರ್ದು. ಕೇಳಿದ್ರ ಗಾಡಿ ನಿಂದ್ರಸ್ತಾರ."

ರಾಯಚೂರಿನ ಸ್ಟೇಷನ್ ಹತ್ತಿರದ ಅಂಗಡಿಯವನು ಡ್ಯಾಶ್‌ಬೋರ್ಡಿನ ಕೆಳಗೆ ತೂತು ಕೊರೆದು ಸೆಟ್ ಕೂಡಿಸಿದ. ಸ್ಪೀಕರುಗಳನ್ನು ಹಿಂದಿನ ಗಾಜಿನ ಕೆಳಗಿಡಲು ಹೊರಟಾಗ, ಬೇವಿನ ನೆರಳಲ್ಲಿ ನಿಂತ ಗಾಡಿಯೊಳಗಿಂದಲೇ ಅವ್ವ ತಡೆದಳು.

"ಎರಡೂ ಮುಂದ ಇಡಪ್ಪಾ."

"ಎಲ್ಲಾರೂ ಹಿಂದ ಇಡಸ್ತಾರ್ರೀ ಅಮ್ಮಾ. ಮುಂದಿಟ್ರ ಡ್ರೈವರ್ ಕಿವಿ ಹೋಗ್ತದ."

"ಹೋಗ್ಲಿ, ಇಡು."

ಎಂಜಿನ್ ಚಾಲೂ ಮಾಡಿದರೆ ಹಾಡಿನ ಜೊತೆಗೆ ಕುಂಯ್ ಎಂಬ ಸದ್ದೂ ಏರಿತು. ಒಂದು ಕಂಡೆನ್ಸರ್ ಹಾಕಿದರೆ ಆ ಸದ್ದು ಹೋಗುತ್ತದೆ ಎಂದ ಅಂಗಡಿಯವನು. ಅವ್ವ ಅದನ್ನೂ ಬೇಡವೆಂದಳು. "ನನ್ನ ಕೆಲಸಕ್ಕ ಹೆಸರು ಕೆಡ್ತದ್ರಿ" ಎಂದು ಅವನು ಗೊಣಗಿದ. ಅಪ್ಪ ದುಡ್ಡು ಕೊಟ್ಟ.

ಮುಂದಿನ ಕೆಲವು ವಾರ ಉಪಾಯ ಫಲಿಸಿತು. ಗುಂಡಿ ಬಂದಾಗಲೆಲ್ಲ ಅವ್ವ ಸೆರಗು ಬಿಟ್ಟು ಕೂಗುತ್ತಿದ್ದಳು. ಅಪ್ಪ ಗಾಡಿ ನಿಲ್ಲಿಸುತ್ತಿರಲಿಲ್ಲ. ಡಾಕ್ಟರು ಸಿಗುತ್ತಿದ್ದರು.

ಒಂದು ಸಲ ಗಬ್ಬೂರು ದಾಟಿದ ಮೇಲೆ ಟೇಪು ಒಳಗೇ ಸುತ್ತಿಕೊಂಡು ಸೆಟ್ ಕೆಟ್ಟು ನಿಂತಿತು. ಅವ್ವ ಗಾಬರಿಯಿಂದ ನನ್ನ ಮುಖ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮುಂದೆ ದೊಡ್ಡ ಗುಂಡಿಯಿತ್ತು. ಚಕ್ರ ಇಳಿಯುವ ಹೊತ್ತಿಗೆ ಸರಿಯಾಗಿ ಅಪ್ಪ ಕಿರುಚಿದ: "ಇದು ರಸ್ತಾನೋ ಸುಡಗಾಡೋ! ಇದನ್ನ ಮಾಡಿದವನ ಮನಿ ಹಾಳಾಗ್ಲಿ!"

ಗಿರಾಕಿಗಳ ಜೊತೆಗೂ ಜೋರಾಗಿ ಮಾತಾಡದ ಮನುಷ್ಯ ಅವನು. ಅಂಥವನು ರಾಯಚೂರು ಮುಟ್ಟುವವರೆಗೆ ಒಂದೊಂದು ಗುಂಡಿಗೂ ಗಂಟಲು ಹರಿಯುವಂತೆ ಬೈದ. ಒಮ್ಮೆಯೂ ತಿರುಗಿ ನೋಡಲಿಲ್ಲ. ಮೊದಮೊದಲು ಬೆಚ್ಚಿದ ಅವ್ವ ಆಮೇಲೆ ಆ ಬೈಗುಳದ ಮರೆಯಲ್ಲೇ ಕೂಗತೊಡಗಿದಳು.

ಆಸ್ಪತ್ರೆಯ ಮಂಚದ ಮೇಲೆ ಅವಳಿಗೆ ನಗು ಬಂತು. "ನಿಮ್ಮಪ್ಪಗ ರಸ್ತಾದ ಮ್ಯಾಲ ಎಷ್ಟು ಸಿಟ್ಟು ಬೇ! ಅದರಾಗ ನನ್ನ ದನಿ ಕೇಳಸ್ಲೇ ಇಲ್ಲ."

ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನನ್ನು ಕರೆಯಲು ಸ್ಟೇಷನ್ ಹತ್ತಿರದ ಆ ಟೇಪಿನ ಅಂಗಡಿಗೆ ಹೋದಾಗ ಸೆಟ್ ರಿಪೇರಿಯಾಗಿತ್ತು. ಅಪ್ಪನ ಗಂಟಲು ಪೂರ್ತಿ ಕೂತುಹೋಗಿತ್ತು.

"ಇನ್ನೂ ಜೋರು ಬರಂಗ ಮಾಡು" ಎನ್ನುತ್ತಿದ್ದ.

"ಇನ್ನೂ ಏರ್ಸಿದ್ರ ಹಾಡು ತಿಳಿಯಂಗಿಲ್ರಿ ಸಾವ್ಕಾರ್ರ. ಬರೇ ಗದ್ಲ."

"ಗದ್ಲಾನ ಬೇಕಾಗ್ಯದಪ್ಪಾ."

ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಪ್ಪ ಮುಖ ತಿರುಗಿಸಿಕೊಂಡ. ಅಪ್ಪನಿಗೆ ಎಲ್ಲ ಗೊತ್ತಿದೆಯೆಂದು ಅವ್ವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಸೆರಗು ಕಚ್ಚುತ್ತಿದ್ದಳು.

ಮುಂದಿನ ವಾರ ಊರು ದಾಟಿದ ಕೂಡಲೇ ಅಪ್ಪ ಸೆಟ್ಟಿನ ಸದ್ದಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಗಾಜುಗಳು ಅದುರಿದವು. "ಚಲೋ ರಿಪೇರಿ ಮಾಡ್ಯಾನ" ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿ, ಮೊದಲ ಕುಲುಕಿಗೇ ಮನಸಾರೆ ಕೂಗಿದಳು. ಮುಂದಿನ ಸೀಟಿನಲ್ಲಿ ಅಪ್ಪನ ಹೆಗಲು ಹೊಡೆತ ಬಿದ್ದಂತೆ ಕುಗ್ಗಿತು. ರಾಯಚೂರಿನವರೆಗೆ ಅವ್ವನ ಪ್ರತಿ ಕೂಗಿಗೂ ಅದು ಹಾಗೇ ಕುಗ್ಗುತ್ತಿತ್ತು. ಗಾಡಿ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.