ಮುರಾರಿಯ ರಜೆಗೆ ಮುಚ್ಚುವ ಬಾಗಿಲು

ಠಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಭಟ್ಟಿಯ ಮುಂದೆ ನಿಂತು ನಿಂತೇ ಮುರಾರಿಯ ತಲೆ ನರೆತಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಊರಿಂದ ಬಂದು, ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಸಾಂಬಾರಿನ ಹಂಡೆಗೆ ಯಜಮಾನನಾದವನು. ಕೈ ಎಷ್ಟು ಹದವೋ ಬಾಯಿ ಅಷ್ಟೇ ಖಾರ. ಒಗ್ಗರಣೆ ಸೀದರೆ ಅವನ ಕೂಗು ಮುಂದಿನ ಗಲ್ಲಾಪೆಟ್ಟಿಗೆಯವರೆಗೆ ಕೇಳುತ್ತಿತ್ತು. ಗಿರಾಕಿಗಳು ದೋಸೆ ಮುರಿಯುವುದನ್ನು ನಿಲ್ಲಿಸಿ ಒಳಗೆ ಇಣುಕುತ್ತಿದ್ದರು. “ಮುರಾರಿಯ ಬಾಯಿಗೆ ರಜೆ ಅಂತ ಇಲ್ಲ ಮಾರಾಯ್ರೆ” ಎಂದು ಮಾಲೀಕ ರಮಾಕಾಂತ ನಗುತ್ತಿದ್ದ.

ರಜೆ ಇದ್ದದ್ದು ಮೈಗೆ ಮಾತ್ರ, ಅದೂ ಹದಿನೈದು ದಿನಕ್ಕೊಮ್ಮೆ. ಉಳಿದಂತೆ ಅವನು ಮಲಗುವುದು ಹೋಟೆಲಿನ ಅಟ್ಟದಲ್ಲಿ. ರಜೆಯ ದಿನ ಡೊಂಬಿವಲಿಯ ಚಾಳಿನ ಒಂದೇ ಕೋಣೆಯ ಮನೆಗೆ ಹೋದರೆ ಹೆಂಡತಿ ಸುಗುಣಾ ಕೈಗೆ ನೀರು ಕೊಟ್ಟು, ಅವನ ಬೆನ್ನ ಹಿಂದೆಯೇ ಬಾಗಿಲು ಮುಚ್ಚಿ ಚಿಲಕ ಹಾಕುತ್ತಿದ್ದಳು. ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿದರೆ ಒಳಗೆ ಯಾರಿಗೋ ಕಾಯಿಲೆ ಎಂದು ಅರ್ಥ. ಮುರಾರಿಗೆ ಮಾತ್ರ ಆ ಚಿಲಕದ ಸದ್ದು ಕೇಳಿದರೆ ಒಂದು ಬಗೆಯ ಹೆಮ್ಮೆ. ಗಂಡ ಬಂದ ದಿನ ಬೇರೆಯವರ ಕಾಟ ಬೇಡವೆಂದು ಹೀಗೆ ಮಾಡುತ್ತಾಳೆ. ಪಾಪ, ಉಳಿದ ದಿನವೆಲ್ಲ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಂಟಿಯಾಗಿ ಗೋಡೆ ನೋಡುವವಳು ಎಂದುಕೊಳ್ಳುತ್ತಿದ್ದ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಒಂದು ದಿನ ಹೋಟೆಲಿನ ಅಡುಗೆಮನೆಗೆ ನೀರು ನುಗ್ಗಿ ಭಟ್ಟಿ ಆರಿತು. ರಜೆಯ ಸರದಿ ಅಲ್ಲದಿದ್ದರೂ ಮುರಾರಿ ಮಧ್ಯಾಹ್ನದ ಲೋಕಲ್ ಹಿಡಿದು ಮನೆಗೆ ಹೊರಟ.

ಚಾಳಿನ ಮೆಟ್ಟಿಲು ಹತ್ತುವಾಗಲೇ ನಗು ಕೇಳಿಸಿತು. ಅವನ ಬಾಗಿಲು ಹಾರು ಹೊಡೆದಿತ್ತು, ಮುಂದೆ ಯಾರ್ಯಾರದೋ ಚಪ್ಪಲಿ. ಒಳಗೆ, ಪಕ್ಕದ ಖೋಲಿಯ ವಿಜಾಪುರದ ರುದ್ರವ್ವ ಸೆರಗು ಸಿಕ್ಕಿಸಿಕೊಂಡು ಕೆಸುವಿನ ಎಲೆಗೆ ಹಿಟ್ಟು ಬಳಿಯುತ್ತಿದ್ದಳು. ಎದುರು ಖೋಲಿಯ ಮರಾಠಿ ಅಜ್ಜಿ ಅವನದೇ ದಿಂಬಿಗೆ ಒರಗಿ ಕೂತಿದ್ದಳು. ಸುಗುಣಾ ಏನೋ ಹೇಳುತ್ತಾ, ತಲೆ ಹಿಂದಕ್ಕೆ ಎಸೆದು ಬಾಯ್ತುಂಬ ನಗುತ್ತಿದ್ದಳು. ಅವಳ ಕಡೆಯ ಹಲ್ಲೊಂದು ಬಿದ್ದಿದೆ ಎಂಬುದು ಅವನಿಗೆ ಆವತ್ತು ಗೊತ್ತಾಯಿತು.

ಅವನನ್ನು ಕಂಡದ್ದೇ ತಡ, ಮನೆ ತಣ್ಣಗಾಯಿತು. ಅಜ್ಜಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ರುದ್ರವ್ವ ಎಲೆಗಳನ್ನು ಒಟ್ಟುಮಾಡತೊಡಗಿದಳು. ಸುಗುಣಾ ನೀರು ಕೊಟ್ಟವಳೇ ಬಾಗಿಲಿಗೆ ಕೈ ಹಾಕಿದಳು.

“ಎಂತಕ್ಕೆ ಮುಚ್ಚುವುದು? ಇವರೆಲ್ಲ ಇದ್ದಾರಲ್ಲ” ಎಂದ ಮುರಾರಿ.

ಸುಗುಣಾಳ ಕೈ ಚಿಲಕದ ಮೇಲೇ ಇತ್ತು. ಚಾಳಿನಲ್ಲೇ ಹುಟ್ಟಿ ಬೆಳೆದ ಚಿಕ್ಕ ಮಗಳು ಮರಾಠಿಯಲ್ಲಿ ಉತ್ತರ ಕೊಟ್ಟಳು. “ಬಾಬಾ ಓರಡತಾತ್ ನಾ, ಮ್ಹಣೂನ್.” ಅಪ್ಪ ಕೂಗಾಡುತ್ತಾರಲ್ಲ, ಅದಕ್ಕೆ. ಮಳೆ ಬಂದರೆ ಕೊಡೆ ಬಿಚ್ಚುತ್ತಾರೆ ಎನ್ನುವಷ್ಟೇ ಸಲೀಸಾಗಿ ಹೇಳಿತು ಮಗು.

ಮುರಾರಿ ತಂಬಿಗೆ ಹಿಡಿದು ನಿಂತೇ ಇದ್ದ. ಇಷ್ಟು ವರ್ಷ ಆ ಚಿಲಕವನ್ನು ಮರ್ಯಾದೆ ಎಂದುಕೊಂಡಿದ್ದನಲ್ಲ. ಅದು ಅವನ ಬಾಯಿಗೆ ಹಾಕಿದ ಮುಚ್ಚಳ. ತಾನಿಲ್ಲದಾಗ ಈ ಮನೆಯಲ್ಲಿ ಜನ ತುಂಬಿ ಕೂರಲು ಜಾಗ ಇರುವುದಿಲ್ಲ. ಹೆಂಡತಿ ಮಕ್ಕಳು ಒಂಟಿಯಾಗುವುದು ಅವನು ಬಂದ ದಿನ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

“ಯಾರೂ ಏಳಬೇಡಿ. ಬಾಗಿಲು ಹಾಗೇ ಇರಲಿ” ಎಂದ.

“ಏನ್ ಅಣ್ಣಾರ, ಮಳೀ ನೀರು ತಲಿಗೆ ಏರೇತೇನು?” ಎಂದು ರುದ್ರವ್ವ ಮತ್ತೆ ಎಲೆ ಹರಡಿದಳು.

ಪತ್ರೊಡೆ ಬೆಂದು ತಟ್ಟೆಗೆ ಬಂತು. ಮೊದಲ ತುತ್ತಿಗೇ ಗಂಟಲು ಕೆರೆಯಿತು. ಕೆಸುವಿಗೆ ಹುಳಿ ಸಾಲದಿದ್ದರೆ ಸೂಜಿ ಚುಚ್ಚಿದಂತೆ ಆಗುತ್ತದೆ. ಅಡುಗೆಯವನಿಗೆ ಇದು ತಡೆಯುವ ಮಾತೇ ಅಲ್ಲ. “ಯಾವ ದರಿದ್ರ ಇದಕ್ಕೆ ಹುಳಿ...” ಎಂದು ಗುಡುಗಿಯೇಬಿಟ್ಟ. ಹೊರಗೆ ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಿದ್ದವರ ಮೊರ ನಿಂತಿತು. ಸುಗುಣಾಳ ಕೈ ತನಗೆ ತಾನೇ ಬಾಗಿಲ ಕಡೆ ಹೋಯಿತು.

ಆ ಕೈಯನ್ನು ಮುರಾರಿ ನೋಡಿದ. ಮಾತು ಅರ್ಧಕ್ಕೇ ನಿಂತಿತು.

“ಹುಣಸಿಹಣ್ಣು ಹಾಕಿದಾಕಿ ನಾನ ರೀ,” ಎಂದಳು ರುದ್ರವ್ವ. “ನಮ್ಮೂರಾಗ ಈ ಎಲಿ ಎಮ್ಮೀನೂ ಮೂಸಂಗಿಲ್ಲ, ನನಗೇನ್ ಗೊತ್ತಾಗಬೇಕು? ಬೈಯೂದಿದ್ರ ನನಗ ಬೈರಿ. ನನ್ ಗಂಡನೂ ಅಂಬರನಾಥದ ಕಾರ್ಖಾನಿಂದ ಬಂದು ಬೈತಾನ. ರೂಢಿ ಐತಿ.”

“ಬೈಯುವುದಿಲ್ಲ ರುದ್ರವ್ವ.” ಅವನ ದನಿ ಅವನಿಗೇ ಕೇಳದಷ್ಟು ಸಣ್ಣದಾಗಿತ್ತು. “ಇನ್ನೊಂದು ಹಾಕಿ.”

ಇನ್ನೊಂದು ತಿಂದ. ಮತ್ತೊಂದನ್ನೂ ತಿಂದ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಜ್ವರ ಬಂದ ಮಕ್ಕಳನ್ನು ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದವರು, ನಲ್ಲಿಯ ಮುಂದೆ ಸುಗುಣಾಳ ನೀರಿನ ಸರದಿ ಕಾದವರು ಇವರೇ ಇರಬೇಕು. ಇವರಿಗೆ ಅವನು ಒಂದು ದಿನವಾದರೂ ಕೂತುಕೊಳ್ಳಿ ಎಂದಿರಲಿಲ್ಲ.

ಸುಗುಣಾ ಬೆಲ್ಲದ ತುಂಡು ತಂದು ಕೈಗಿಟ್ಟಳು. “ತುರಿಸುತ್ತದೆ ಅಂತ ಮೆತ್ತಗೆ ಹೇಳಿದರೆ ಆಗುವುದಿಲ್ಲವಾ?”

“ಹೇಳಿದರೆ ನೀನು ಬಾಗಿಲು ಮುಚ್ಚುತ್ತೀ.”

ಅವಳು ಮುಖ ತಿರುಗಿಸಿದಳು. ಹೆಗಲು ಅಲುಗಿತು. ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. ಏನಾಯಿತೆಂದು ಅಜ್ಜಿ ಕೇಳಿದಳು, ರುದ್ರವ್ವ ತನ್ನ ಹರಕು ಮರಾಠಿಯಲ್ಲಿ ವಿವರಿಸಿದಳು, ಗ್ಯಾಲರಿಯವರೂ ನಕ್ಕರು. ಮುರಾರಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಿದರೆ ಎಲ್ಲಿ ನಗು ನಿಂತುಹೋಗುತ್ತದೋ ಎಂದು ಹೆದರಿಕೆ.